ಹರಾಜು ಚೀಟಿ

ಶಿಡ್ಲಘಟ್ಟದಲ್ಲಿ ಬೆಳಗೆಂದರೆ
ಬೇಯುವ ಗೂಡಿನ ವಾಸನೆ.
ಅದನ್ನೇ ಉಂಡು ಬೆಳೆದವನು ನಾನು,
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳು ಬಿಳಿಚಿಕೊಂಡ ಅವ್ವನ ಮಗ.

ಇನಾಯತುಲ್ಲಾ ಸಾಬರು ಮಾರುಕಟ್ಟೆಯಲ್ಲಿ
ಗೂಡನ್ನು ಕಿವಿಯ ಬಳಿ ಕುಲುಕಿ ಕೊಳ್ಳುವರು.
ಚಿತ್ರವನ್ನೂ ಹಾಗೆಯೇ,
ತಲೆ ಓರೆ ಮಾಡಿ,
ಒಳಗೆ ಹುಳು ಮಿಸುಕುತ್ತಿದೆಯೇ ಎಂದು
ಕೇಳಿಸಿಕೊಳ್ಳುವವರಂತೆ.

ಗೋದಾಮಿನ ಮಹಡಿ ತುಂಬ ಚೌಕಟ್ಟು:
ಮುಳಬಾಗಿಲಿನ ಬೋರ್ಡು ಬರೆಯುವವನ ಹುಲಿ,
ಗೌರಿಬಿದನೂರು ಡ್ರಾಯಿಂಗ್ ಮೇಷ್ಟರ ನೀಲಿ ಬೆಟ್ಟ,
ಯಾರೋ ಅಜ್ಜಿಯ ಕಸೂತಿ ನವಿಲು, ಒಂದು ಕಾಲು ಮುಗಿಯದ್ದು.
ಬೆಲೆ ಕಡಿಮೆ ಹೇಳಿದರೆ ರೇಗುವರು:
"ಚೌಕಾಸಿ ಗೂಡಿಗೆ ಮಾಡ್ತೀನಿ, ಇದಕ್ಕಲ್ಲ."

ನನ್ನ ಮೊದಲನೆಯದು, ಚಂದ್ರಿಕೆ ಹೊತ್ತ ಅವ್ವ.
ಮುನ್ನೂರು ರೂಪಾಯಿ.
ಅವತ್ತೇ ಬಣ್ಣ ತಂದೆ, ಅವತ್ತೇ ಅಕ್ಕಿ.

ಹತ್ತು ವರ್ಷ ಕಳೆದು, ನಾಲ್ಕು ಜನ ನನ್ನ ಹೆಸರು ಹೇಳುವಾಗ,
ನಾಚಿಕೆಯಾಗಿ ಹೋದೆ:
ಸಾಬರೇ, ಅದನ್ನು ಕೊಟ್ಟುಬಿಡಿ, ಹರಿದು ಹಾಕ್ತೀನಿ.
ನಕ್ಕರು. "ಮಾರಿದ ಮೇಲೆ ಅದರಲ್ಲಿ ನಿಂದೇನಿದೆ?"
ಚಹಾ ತರಿಸಿದರು.
ನನ್ನ ಲೋಟಕ್ಕೆ ಸಕ್ಕರೆ ಜಾಸ್ತಿ. ನೆನಪಿಟ್ಟಿದ್ದರು.

ಮೊನ್ನೆ ಗೋದಾಮು ಖಾಲಿ ಮಾಡುವಾಗ
ಮಗಳು ಜಬೀನಾ ಕರೆದು ಕೈಗಿಟ್ಟಳು.
ಹಿಂದೆ ಅಂಟಿಸಿದ ಹರಾಜು ಚೀಟಿ.
ತೂಕದ ಖಾನೆ ಖಾಲಿ, ದರದ ಖಾನೆ ಖಾಲಿ,
ಅಂಚಿನಲ್ಲಿ ಪೆನ್ಸಿಲ್ಲು:
"ಕೈ ಇದೆ. ಕಣ್ಣು ಬರಬೇಕು. ಕಾಯೋಣ."

ದೀಪದಡಿ ಇಟ್ಟು ನೋಡಿದೆ.
ಅವ್ವನ ಎಡಗೈಗೆ ಆರು ಬೆರಳು.
ಇಷ್ಟು ವರ್ಷ ಎಣಿಸಿರಲಿಲ್ಲ.