ಎಂಬತ್ತೆರಡು ಡಿಗ್ರಿ

ದಾಖಲೆ ಪುಸ್ತಕದಲ್ಲಿ ಅರವತ್ತು ಎಂದಿದೆ.
ಅಕ್ಷರ ನನ್ನದೇ. ಆರರ ಹೊಟ್ಟೆ ಸ್ವಲ್ಪ ದಪ್ಪ,
ಆಗಲೂ ಹಾಗೇ ಬರೆಯುತ್ತಿದ್ದೆ, ಈಗಲೂ.

ಹಿಲ್ಕಾ ಮೊಯಿಲಾನೆನ್ ಪುಟದ ಮೇಲೆ ಬೆರಳಿಟ್ಟು ಕೂತಿದ್ದಾಳೆ,
ಹೊಸ ವಿನ್ಯಾಸಕ್ಕೆಂದು ಕಂಪನಿ ಕರೆಸಿದ ಎಂಜಿನಿಯರು.
ಮೇಜಿನ ಮೇಲೆ, ಒಣಗಿದ ರೈ ಬ್ರೆಡ್ಡಿನ ಹಾಗೆ,
ಕೊಂಟಿಯೊಮಾಕಿ ದಾರಿಯಿಂದ ಕಿತ್ತು ತಂದ ಒಂದು ಚೂರು ಕಾಂಕ್ರೀಟು.
ಮೈತುಂಬ ಬಿರುಕು. ನದಿ, ಉಪನದಿ, ಊರೇ ಇಲ್ಲದ ನಕ್ಷೆ.

"ಉರ್ಹೊ, ಆ ಚಳಿಗಾಲ ಹಬೆ ಎಷ್ಟಿತ್ತು?"

ನಮ್ಮ ಮಾತಿನಲ್ಲಿ ಇದಕ್ಕೆ ಹಳಿಯ ದಿಮ್ಮಿ ಎಂದು ಹೆಸರು.
ಅಜ್ಜನ ಕಾಲಕ್ಕೆ ಪೈನ್ ಮರದ್ದು, ಡಾಂಬರೆಣ್ಣೆ ಕುಡಿದು ಕಪ್ಪಗಾದದ್ದು.
ಮರ ಹೋಗಿ ಕಾಂಕ್ರೀಟು ಬಂತು, ಹೆಸರು ದಿಮ್ಮಿಯೇ ಉಳಿಯಿತು,
ಗಂಡ ಸತ್ತ ಎಷ್ಟೋ ವರ್ಷಕ್ಕೂ
ಅಂಚೆಪೆಟ್ಟಿಗೆಯ ಮೇಲೆ ಅವನ ಹೆಸರು ಉಳಿದ ಹಾಗೆ.

ಉಕ್ಕಿನ ತಂತಿಗಳನ್ನು ನೂರು ಮೀಟರು ಉದ್ದಕ್ಕೆ ಎಳೆದು ಬಿಗಿಯುತ್ತೇವೆ,
ಬೆರಳು ತಾಗಿದರೆ ಗುಂಯ್ ಎನ್ನುವಷ್ಟು.
ಮೇಲೆ ಕಾಂಕ್ರೀಟು ಸುರಿದು, ಗಟ್ಟಿಯಾದ ಮೇಲೆ ತಂತಿ ಸಡಿಲ ಬಿಡುವುದು.
ಅದು ಮೊದಲಿನಷ್ಟಕ್ಕೆ ಕುಗ್ಗಲು ನೋಡುತ್ತದೆ, ಕಲ್ಲು ಬಿಡುವುದಿಲ್ಲ.
ಆ ಜಗ್ಗಾಟವೇ ಅದರ ಬಲ.
ಒತ್ತಿದರೆ ಕಾಂಕ್ರೀಟಿಗೆ ಸಿಟ್ಟಿಲ್ಲ, ಎಳೆದರೆ ತಾಳದು;
ಎಳೆಯುವವರು ಬರುವ ಮೊದಲೇ
ಅವುಚಿ ಹಿಡಿದಿಡಬೇಕು.

ತಡವಾಗುತ್ತಿದ್ದದ್ದು ಗಟ್ಟಿಯಾಗಲಿಕ್ಕೆ.
ಹೊರಗೆ ಮೈನಸ್ ಮೂವತ್ತು. ರೈಲ್ವೆಯವರಿಗೆ
ಹಿಮ ಕರಗುವುದರೊಳಗೆ ಎಂಬತ್ತು ಸಾವಿರ ಬೇಕು.
ಫೋರ್‌ಮನ್ ತೌನೊ ಕೈ ಉಜ್ಜುತ್ತ ಬಂದ:
"ಒಂದು ಅಚ್ಚಿಗೆ ಒಂದೇ ರಾತ್ರಿ. ಕವಾಟ ತಿರುಗಿಸು."
ತಿರುಗಿಸಿದೆ. ಮುಳ್ಳು ಎಪ್ಪತ್ತು ದಾಟಿತು. ಎಂಬತ್ತು.
ಎಂಬತ್ತೆರಡಕ್ಕೆ ನಿಂತಿತು.
ಬೆಳಗ್ಗೆ ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ಹಾಗೆ ನುಡಿಯಿತು.
ಎಂಥ ಚೆಂದದ ಸದ್ದು!
ಆ ಬೋನಸ್ಸಿನಲ್ಲಿ ದೋಣಿಗೆ ಮೋಟರು ತಂದೆ.

ಹನ್ನೆರಡು ವರ್ಷ ಏನೂ ಆಗಲಿಲ್ಲ.

ಕಾಡಿನ ದಿಮ್ಮಿ ಹೊತ್ತ ರೈಲುಗಳು ನಮ್ಮ ದಿಮ್ಮಿಗಳ ಮೇಲೆ ಹೋದವು.
ಹಿಮ ಕರಗಿ ಕರಗಿ ಒಳಗಿಳಿಯಿತು.
ಆ ರಾತ್ರಿ ಬೆಳೆಯಗೊಡದೆ ನಾನು ಬೇಯಿಸಿ ಕೂರಿಸಿದ್ದ ಯಾವುದೋ ಹರಳು
ನೀರು ಕುಡಿದು, ಸಾವಕಾಶ, ಸೂಜಿ ಸೂಜಿಯಾಗಿ ಎದ್ದಿತು.
ಹಿಲ್ಕಾ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು:
ಒಂದೊಂದು ಜಲ್ಲಿಕಲ್ಲಿನ ಸುತ್ತ
ಕಿಟಕಿ ಗಾಜಿಗೆ ಕಟ್ಟುವಂಥ ಬಿಳಿ ಮುಳ್ಳು.
ಹೊರಗಿನ ಏಟಲ್ಲ. ಒಳಗಿನದೇ, ತಡವಾಗಿ.

ಹೇಳಿದೆ.
ಎಂಬತ್ತೆರಡು.
ಅವಳು ಪೆನ್ಸಿಲ್ ಹೆರೆದಳು, ಅಂಕಿ ಬರೆದುಕೊಂಡಳು,
ಕೆಳಗೆ ಎರಡು ಗೆರೆ ಎಳೆದಳು.
ಬೈದಿದ್ದರೆ ಚೆನ್ನಾಗಿತ್ತು.

ಈಗ ನಡೆಯುವುದು ಅವಳ ಲೆಕ್ಕ.
ಸುರಿದ ಮೇಲೆ ನಾಲ್ಕು ಗಂಟೆ ಹಬೆಯೇ ಇಲ್ಲ, ಸುಮ್ಮನೆ ಬಿಡಬೇಕು.
ಆಮೇಲೆ ಮೆಟ್ಟಿಲು ಹತ್ತಿಸಿದ ಹಾಗೆ ಏರಿಸು, ಐವತ್ತೈದಕ್ಕೆ ನಿಲ್ಲಿಸು.
ಸಿಮೆಂಟು ಬೇರೆ. ಮರಳಿಗೆ ಬೇರೆ ನದಿ.
ಹಳಿ ಕೂರುವಲ್ಲಿ ರಬ್ಬರ್ ಹಾಸು, ಅಂಚುಗಳು ದುಂಡಗೆ,
ನೀರು ನಿಲ್ಲದಂತೆ ಬೆನ್ನಿಗೆ ಇಳಿಜಾರು.
ತಣಿಸುವಾಗಲೂ ಮೆಲ್ಲಗೆ.
ನಾವು ಸೌನಾದಿಂದ ಎದ್ದು ನೇರ
ಹೆಪ್ಪುಗಟ್ಟಿದ ಸರೋವರದ ತೂತಿಗೆ ಹಾರುವ ಮಂದಿ;
ದಿಮ್ಮಿ ಹಾರಬಾರದು.

ಹೊಸ ಹುಡುಗ ಎಲ್ಮೆರಿ ಗಡಿಯಾರ ನೋಡುತ್ತಾನೆ: "ಇನ್ನೂ ಎಷ್ಟು ಹೊತ್ತು?"
ಬೇಯುವ ತನಕ ಇದ್ದವನಿಗೆ ಆರುವ ತನಕ ಇರಲಾಗದೇ, ಎಂದು
ಅವನ ಲೋಟಕ್ಕೆ ಕಾಫಿ ಸುರಿಯುತ್ತೇನೆ.
ಇಷ್ಟು ಸುಲಭದ ಮಾತನ್ನು ಆಗ ಯಾರೂ ನನಗೆ ಹೇಳಲಿಲ್ಲ
ಎಂದರೆ ಸುಳ್ಳಾಗುತ್ತದೆ. ಅಮ್ಮ ಹೇಳಿದ್ದಳು, ಗಂಜಿಯ ಬಗ್ಗೆ.

ಭಾನುವಾರ ಹಳಿಯ ಮೇಲೆ ನಡೆಯುತ್ತೇನೆ. ನಡೆಯಬಾರದು, ಗೊತ್ತು.
ಅರವತ್ತು ಸೆಂಟಿಮೀಟರಿಗೊಂದು ದಿಮ್ಮಿ:
ಒಂದೊಂದೇ ಮೆಟ್ಟಿದರೆ ಹೆಜ್ಜೆ ಚಿಕ್ಕದು, ಒಂದು ಬಿಟ್ಟರೆ ದೊಡ್ಡದು.
ಆ ಚಳಿಗಾಲದವು ಇನ್ನೂ ಎಷ್ಟೋ ಉಳಿದಿವೆ.
ಹಿಮ ಸರಿಸಿ, ಬೆನ್ನಲ್ಲಿ ಒತ್ತಿದ ವರ್ಷ ಓದುತ್ತೇನೆ.
ಹಬೆ ಬಿಟ್ಟವನ ಹೆಸರು ಅಚ್ಚಿನಲ್ಲಿ ಇರುವುದಿಲ್ಲ.
ತಟ್ಟಿದರೆ ಕೆಲವು ಇಂದಿಗೂ ಗಂಟೆಯ ಹಾಗೇ ನುಡಿಯುತ್ತವೆ.
ಆ ಸದ್ದನ್ನು ನಾನೀಗ ನಂಬುವುದಿಲ್ಲ.

ತಿರುವಿನಲ್ಲಿ ದೀಪ. ಬದಿಗೆ ಸರಿದು ನಿಂತು
ಬೋಗಿ ಎಣಿಸುತ್ತೇನೆ, ಬಾಯಿ ಬಿಟ್ಟು, ಜೋರಾಗಿ.
ಇಪ್ಪತ್ನಾಲ್ಕು.
ಎಲ್ಲವೂ ದಾಟಿದವು.