ಪಾವಟಿಗಿ

ಟೇಪು ಬಿಚ್ಚಲಿಲ್ಲ ರಾಜಾಬಕ್ಷಿ.
"ಕಾಲೆತ್ತರಿ ಅಕ್ಕಾರ, ನೋವಾಗೋತನಕ."
ಮೊಣಕಾಲು ಚುರ್ ಅಂದಲ್ಲಿ
ಗೋಡೆಗೊಂದು ಇದ್ದಿಲ ಗೀಟು;
ಅದಕ್ಕೂ ಎರಡು ಬೆರಳು ಕೆಳಗೆ
ಕುಷ್ಟಗಿಯ ಕೆಂಪುಗಲ್ಲು ಕೂತಿತು.

ಹನುಮಸಾಗರದ ನನ್ನ ಹಿತ್ತಲಿಗೆ ಐದು ಪಾವಟಿಗಿ,
ಒಂದೊಂದೂ ಮುಂದಕ್ಕೆ ಕೂದಲೆಳೆಯಷ್ಟು ವಾಲಿ,
ನೀರು ನಿಲ್ಲದಂತೆ, ನಾನು ಜಾರದಂತೆ.

ಸಂದು ತುಂಬಿದವಳು ಹುಸೇನಬಿ.
ಕರಣಿ ಬದಿಗಿಟ್ಟು ಹೆಬ್ಬೆರಳಲ್ಲೇ ಒತ್ತುತ್ತ
"ರೇಷನ್ ಅಂಗಡಿ ಮಷಿನ್ನು
ಈ ಬೆರಳು ನಿಂದಲ್ಲ ಅಂತೈತ್ರಿ" ಎಂದು ನಕ್ಕಳು.
ಗೆರೆಗಳನ್ನೆಲ್ಲ ಸಿಮೆಂಟು ತಿಂದಿತ್ತು.

ಏಳು ದಿನ ಗೋಣಿಚೀಲ ಹಾಸಿ ನೀರುಣಿಸಿದೆ.
ಎಂಟನೆಯ ಬೆಳಗ್ಗೆ ಬರಿಗಾಲಲ್ಲಿ ಇಳಿದೆ:
ಉಳಿ ಕಚ್ಚಿದ ಕಲ್ಲು ಒರಟು,
ಕಲ್ಲಿಗೂ ಕಲ್ಲಿಗೂ ನಡುವೆ
ಒಂದೂ ಗೆರೆಯಿಲ್ಲದ ನುಣುಪು.

ಮೊಣಕಾಲು ಏನೂ ಅನ್ನಲಿಲ್ಲ.