ಕೊನೆಯ ಅಕ್ಷರ

ಅಕ್ರಾದ ಸರ್ಕಲ್ಲಿನ ಮೇಲ್ಸೇತುವೆಯ ನೆರಳು
ಹನ್ನೊಂದಕ್ಕೆ ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ.
ಇವತ್ತು ಅದಕ್ಕೂ ಮುಂಚೆ ಬಂದು ಕೂತಿದ್ದ
ಎಬೊ ಕ್ವಾನ್ಸಾ, ಟೆಮಾ ಬಂದರಿನ ಮೀನಿನ ಹಡಗಿನವನು.
ಕೈಯಲ್ಲಿ ಬೂಸಾನಿನಲ್ಲಿ ಕೊಂಡ ಫೋನು.

"ಅಕ್ಕಾ, ಇದರ ಬಾಯಿ ಮುಚ್ಚಿಸು."

ಹೋದ ಶನಿವಾರ ಅವನ ತಾಯಿಯನ್ನು
ಹಿತ್ತಾಳೆ ಮಂಚದ ಮೇಲೆ ಕೆಂಟೆ ಹೊದಿಸಿ ಮಲಗಿಸಿದ್ದರಂತೆ.
ಅಳುವವರು ಉಸಿರು ಎಳೆದುಕೊಳ್ಳುವ ಆ ಒಂದು ಚಣ
ಮೆಲ್ಲಗೆ ಪಟ ತೆಗೆಯಹೋದ.
ಕ್ಲಿಕ್.
ಹಲ್ಲಿ ಲೊಚಗುಟ್ಟಿದ ಹಾಗಲ್ಲ,
ಬಾಗಿಲಿನ ಚಿಲಕ ಬಿದ್ದ ಹಾಗೆ.
ಇಡೀ ಸಭೆ ತಿರುಗಿತು.
ಸೋದರಮಾವ ತಲೆ ಅಲ್ಲಾಡಿಸಲು ಶುರುಮಾಡಿದ್ದು
ಇನ್ನೂ ನಿಲ್ಲಿಸಿಲ್ಲವಂತೆ.

ನಾನೆಂದೆ: ಇದು ಕೆಟ್ಟಿಲ್ಲ ತಮ್ಮಾ, ಇದು ಕಟ್ಟಳೆ.
ಆ ದೇಶದಲ್ಲಿ ಯಾರೋ ಮೆಟ್ಟಿಲ ಕೆಳಗೆ ನಿಂತು
ಹೆಂಗಸರ ಪಟ ಕದ್ದರು.
ಅಂದಿನಿಂದ ಅಲ್ಲಿಯ ಫೋನಿಗೆಲ್ಲ
ಬೆಕ್ಕಿನ ಕೊರಳಿನ ಗಂಟೆ.
ಬೆಕ್ಕು ಹಡಗು ಹತ್ತಿ ಇಲ್ಲಿಗೆ ಬಂತು,
ಗಂಟೆಯನ್ನು ಯಾರು ಬಿಚ್ಚಬೇಕಿತ್ತು?

ಬೆನ್ನು ತಿರುಗಿಸಿ ಸಂಖ್ಯೆ ತೋರಿಸಿದೆ, ನನ್ನ ಫೋನಿನ ಪಕ್ಕ ಇಟ್ಟು.
ಅಂಕಿಗಳೆಲ್ಲ ಒಂದೇ,
ಕೊನೆಯಲ್ಲಿ ಒಂದೇ ಒಂದು ಅಕ್ಷರ ಬೇರೆ.
ಹೆತ್ತ ಕಾರ್ಖಾನೆ ಒಂದು, ದೇಶಕ್ಕೊಂದು ವೇಷ.
ಆ ಅಕ್ಷರದೊಳಗೆ ಕಿವಿಯೇ ಬೇರೆ:
ಒಂದಕ್ಕೆ ಕೇಳುವ ಟವರು ಇನ್ನೊಂದಕ್ಕೆ ಬರೀ ಗಾಳಿ.

ನಿನ್ನೆ ನರ್ಸ್ ಡೆಡೆ ಬಂದಿದ್ದಳು.
ತಂಗಿ ಹ್ಯೂಸ್ಟನ್ನಿಂದ ಕಳಿಸಿದ್ದು, ಮೈ ನುಣ್ಣಗೆ ಗಾಜು.
ಅಂಚಿನ ಸುತ್ತ ಉಗುರಾಡಿಸಿ
ಸಿಮ್ಮಿನ ಕಿಂಡಿ ಹುಡುಕಿದಳು, ಹುಡುಕಿದಳು,
ಬಾಯೇ ಇಲ್ಲದೆ ಹುಟ್ಟಿದ ಕೂಸಿಗೆ
ಹಾಲೆಲ್ಲಿ ಎರೆಯಲಿ ಎಂಬಂತೆ ನನ್ನನ್ನು ನೋಡಿದಳು.
ಅಲ್ಲಿ ಸಿಮ್ಮು ಈಗ ಗಾಳಿಯಲ್ಲೇ ಬರುತ್ತದಂತೆ.
ಇಲ್ಲಿ ಕಂಪನಿಯ ಬಾಗಿಲಲ್ಲಿ ಚೀಟಿ ಹಿಡಿದು ಕಾಯಬೇಕು.

ನನ್ನದು ನಮಗೆಂದೇ ಮಾಡಿದ ಮಾಲು.
ಎರಡು ಸಿಮ್ಮು, ಬೀದಿಗೆಲ್ಲ ಸಾಕಾಗುವ ಟಾರ್ಚು,
ಕರೆಂಟು ಹೋಗಿ ಬಂದು ಹೋಗುವ ಡುಮ್ಸೋರ್ ರಾತ್ರಿಗಳಿಗೆ
ಇಟ್ಟಿಗೆಯಂಥ ಬ್ಯಾಟರಿ.
ಕ್ಯಾಮೆರಾ ಹಲ್ಲು ನೋಡಿ, ಕಣ್ಣಿನ ಬಿಳಿ ನೋಡಿ
ನಮ್ಮ ಕಪ್ಪಿಗೆ ಬೆಳಕು ಅಳೆಯುತ್ತದೆ.
ಬೂಸಾನಿನದು ನನ್ನನ್ನು ತೆಗೆದಾಗ
ಸುಣ್ಣ ಬಳಿದ ಗೋಡೆಯೊಂದು ನನ್ನ ಕಿವಿಯೋಲೆ ಹಾಕಿಕೊಂಡಿತ್ತು.

ದೂರದ ಯಾವುದೋ ತಣ್ಣನೆಯ ಕೋಣೆಯಲ್ಲಿ
ಯಾರೋ ಕೂತು ನಮ್ಮನ್ನು ಊಹಿಸಿದ್ದಾರೆ:
ಇವರ ಜೇಬು ಇಷ್ಟೇ ಆಳ,
ಇವರು ಎರಡು ಕಂಪನಿಗಳ ನಡುವೆ ಅಗ್ಗದ ನಿಮಿಷ ಹೆಕ್ಕುತ್ತಾರೆ,
ಇವರ ಮನೆಯಲ್ಲಿ ಏಳು ಗಂಟೆಗೆ ಕತ್ತಲು.
ಊಹೆ ತಪ್ಪಲ್ಲ.
ಸಿಟ್ಟು ಬರುವುದು ಅದಕ್ಕೇ.

"ಸ್ಪೀಕರಿನ ತಂತಿ ಕತ್ತರಿಸಲೇನು?" ಕೇಳಿದೆ.
"ಕ್ಲಿಕ್ ಹೋಗುತ್ತದೆ. ಜೊತೆಗೆ
ಮನೆಯಿಂದ ಬರುವ ಕರೆಯ ಗಂಟೆಯೂ ಹೋಗುತ್ತದೆ."
ಎಬೊ ಮಾತಾಡಲಿಲ್ಲ. ಪಟ ತೆರೆದು ಮುಂದೆ ಹಿಡಿದ.
ಒಂದಲ್ಲ, ಎರಡು.
ಗಾಬರಿಗೆ ಹೆಬ್ಬೆರಳು ಮತ್ತೊಮ್ಮೆ ಬಿದ್ದಿತ್ತು.
ಎರಡನೆಯದರಲ್ಲಿ ಎಲ್ಲರೂ ಇದ್ದಾರೆ:
ಹೆಗಲು ಹೆಗಲು ತಾಗಿ, ಹತ್ತು ವರ್ಷದಿಂದ
ಮಾತು ಬಿಟ್ಟ ಚಿಕ್ಕಮ್ಮಂದಿರು ಕೂಡ,
ಅರ್ಧ ಅಲ್ಲಾಡಿದ ತಲೆಯ ಸೋದರಮಾವ ಕೂಡ,
ಎಲ್ಲರ ಕಣ್ಣೂ ನೇರ ಅವನ ಕಡೆಗೆ.
ಅವ್ವನೊಬ್ಬಳನ್ನು ಬಿಟ್ಟು.

ಸ್ಕ್ರೂಡ್ರೈವರ್ ಕೆಳಗಿಟ್ಟೆ.
ರಸ್ತೆಯಲ್ಲಿ ಟ್ರೋಟ್ರೋ ಹುಡುಗರು
"ಸರ್ಕ್, ಸರ್ಕ್, ಸರ್ಕ್" ಎಂದು ಕೂಗುತ್ತಲೇ ಇದ್ದರು.
ಅವನು ಹಣ ಎಣಿಸಿ
ಒಂದು ಅಡಾಪ್ಟರ್ ಕೊಂಡು ಹೋದ,
ಎರಡು ಗುಂಡು ಕಡ್ಡಿಗಳನ್ನು
ಮೂರು ಚೌಕದ ತೂತುಗಳಿಗೆ
ಹೇಗೋ ಒಪ್ಪಿಸುವಂಥದು.